ಮದ್ದೂರಿನಿಂದ ಬಂದ ಗುನುಗು

ಭಾನುವಾರ ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಂಡ್ಯದ ಪುಟ್ಟ ರೇಡಿಯೊ ನಿಲಯವೊಂದರಲ್ಲಿ ನಾನು ಹಾಡು ಹಾಕುತ್ತೇನೆ. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಆ ಒಂದು ಗಂಟೆ ಮಾತ್ರ ಯಾವ ಸೂತ್ರಕ್ಕೂ ಸಿಕ್ಕುವುದಿಲ್ಲ. ನಾಗಸ್ವರ ಮುಗಿದರೆ ಆಫ್ರಿಕಾದ ತಂತಿವಾದ್ಯ, ಅದಾದ ಮೇಲೆ ಸೋಬಾನೆ ಪದ, ಆಮೇಲೆ ಖವ್ವಾಲಿ. ಉಂಡು ಮಂಪರಿಗೆ ಜಾರುತ್ತಿರುವ ಊರು ಯಾವುದನ್ನು ಹಾಕಿದರೂ ಕೇಳುತ್ತದೆ.

ಹೋದ ಮಳೆಗಾಲದಲ್ಲಿ ಮದ್ದೂರಿನ ಲಾರಿ ಮೆಕ್ಯಾನಿಕ್ ಒಬ್ಬರು ಫೋನು ಮಾಡಿದರು. ನಡುವಯಸ್ಸು ದಾಟಿದ ದನಿ.

"ಮೇಡಂ, ಒಂದು ಹಾಡು ಬೇಕಿತ್ತು. ಮಾತು ಗೊತ್ತಿಲ್ಲ. ನಮ್ಮ ಅಮ್ಮಿ ಗುನುಗ್ತಿದ್ರು."

"ಎಲ್ಲಿ, ನೀವೇ ಗುನುಗಿ."

ನಾಚಿಕೊಂಡು ನಕ್ಕರು. ಅವರ ಹಿಂದೆ ಕಬ್ಬಿಣ ಬಡಿಯುತ್ತಿದ್ದ ಸದ್ದು ನಿಂತಿತು. ಆಮೇಲೆ ಆ ಗುನುಗು ಬಂತು. ಮೆಲ್ಲಗೆ ಹತ್ತಿತು, ಮೇಲೆ ತುಸು ನಿಂತಿತು, ನೀರಿಗೆ ಕಾಲಿಡುವವರ ಹಾಗೆ ಇಳಿಯಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ತಾಯಿ ತೊಡೆಯ ಮೇಲೆ ಮಲಗಿಸಿಕೊಂಡು ಗುನುಗುತ್ತಿದ್ದರಂತೆ. ಅವರು ತೀರಿಹೋಗಿ ಬಹಳ ವರ್ಷವಾಗಿತ್ತು.

ಹುಡುಕುತ್ತೇನೆ ಎಂದೆ. ವಾರಕ್ಕೊಂದು ಹತ್ತಿರದ ಧಾಟಿ ಹಾಕಿದೆ. "ಇದಲ್ಲ ಮೇಡಂ. ಚೆನ್ನಾಗಿತ್ತು, ಆದ್ರೆ ಇದಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಆ ಗುನುಗು ನನಗೇ ಹತ್ತಿಕೊಂಡಿತ್ತು. ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತ ಗುನುಗಿಬಿಟ್ಟೆ, ಇಡೀ ತರಗತಿ ನಕ್ಕಿತು. ಕೊತ್ತತ್ತಿಯ ಅಕ್ಕನ ಮನೆಯಿಂದ ಬಸ್ಸಿನಲ್ಲಿ ಬರುವಾಗ ನಾಲೆಯ ನೀರು, ಗದ್ದೆಯ ಹಸಿರು ಎಲ್ಲ ಆ ಧಾಟಿಯಲ್ಲೇ ಹಿಂದಕ್ಕೆ ಸರಿಯುತ್ತಿದ್ದವು.

ಕೊನೆಗೊಂದು ಭಾನುವಾರ, ಕೇಳುಗರಲ್ಲಿ ಯಾರಿಗಾದರೂ ಗೊತ್ತಿದ್ದೀತು ಎಂದು ಮದ್ದೂರಿನವರಿಂದಲೇ ಪ್ರಸಾರದಲ್ಲಿ ಮತ್ತೆ ಗುನುಗಿಸಿದೆ. ಮಳವಳ್ಳಿ ಕಡೆಯ ಬೆಳಕವಾಡಿಯಿಂದ ಒಬ್ಬ ಅಜ್ಜಿಯ ಫೋನು ಬಂತು. ಇಬ್ಬರನ್ನೂ ಒಂದೇ ಕರೆಗೆ ಸೇರಿಸಿದೆವು.

"ಅದು ರಾಗಿ ಬೀಸೋ ಪದ ಕಣವ್ವ. ನಮ್ಮವ್ವ ಏಳ್ತಿದ್ಲು" ಎಂದು ಅಜ್ಜಿ ಸೀಳುದನಿಯಲ್ಲಿ ಹಾಡಿಯೇಬಿಟ್ಟಿತು. ಗುನುಗಿಗೆ ಮಾತು ಬಂದಿತ್ತು.

"ಅಮ್ಮಿ ಹುಟ್ಟಿದ್ದು ಮಳವಳ್ಳೀಲಿ. ಅಲ್ಲೇ ಕೇಳಿರ್ಬೇಕು" ಎಂದರು ಮದ್ದೂರಿನವರು. ಮತ್ತೆ, "ಆದ್ರೆ ಅವ್ವ, ಕೊನೇಲಿ ಅದು ಇಳೀತಿತ್ತು. ನೀವು ಮೇಲಕ್ಕೆ ಹೋದ್ರಿ."

"ಏ ಬುಡಪ್ಪ, ಮೇಲಕ್ಕೇ ಓಗೋದು."

"ಇಲ್ಲ ಅವ್ವ, ಇಳೀತಿತ್ತು."

ಅಜ್ಜಿ ಯೋಚಿಸಿತು. "ಬೀಸೋರು ನಿದ್ದೆ ಬರ್ದಂಗೆ ಮೇಲಕ್ಕೆತ್ತೋದು ಕಣ್ ಮಗ. ನಿಮ್ಮವ್ವ ನಿನ್ನ ಮಲಗಿಸ್ತಿದ್ಲಲ್ಲ, ಅದ್ಕೇ ಇಳಿಸವ್ಳೆ."

"ಇನ್ನೊಂದ್ ಸಲ ಹೇಳಿ ಅವ್ವ" ಎಂದರು. ಅಜ್ಜಿ ಹಾಡಿತು, ಕೊನೆಯ ಸಾಲಿಗೆ ಬಂದು ನಿಲ್ಲಿಸಿತು. ಉಳಿದದ್ದನ್ನು ಅವರು ಇಳಿಸಿದರು. ಗಾಜಿನಾಚೆಯಿಂದ ತಂತ್ರಜ್ಞ ಗಡಿಯಾರ ತೋರಿಸುತ್ತಿದ್ದ. ಮೂರು ದಾಟಿತ್ತು. ಕರೆ ನಿಲ್ಲಿಸುವ ಗುಂಡಿಯನ್ನು ನಾನು ಒತ್ತಲಿಲ್ಲ. ಕೃಷಿ ಕಾರ್ಯಕ್ರಮ ತಡವಾಗಿ ಶುರುವಾಯಿತು, ಬೈಸಿಕೊಂಡೆ.

ಮದ್ದೂರಿನವರ ನಂಬರನ್ನು ಅಜ್ಜಿ ಕೇಳಿ ಬರೆಸಿಕೊಂಡಿತಂತೆ. ಒಂದು ಶುಕ್ರವಾರ ಅವರು ನಮಾಜು ಮುಗಿಸಿ, ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬೆಳಕವಾಡಿಗೆ ಹೋಗಿಬಂದರಂತೆ. ಅಲ್ಲಿಂದೀಚೆಗೆ ನನಗೆ ಅವರ ಫೋನು ಅಪರೂಪ.