ಹೊಗೆಗೆ ಹೊಲಿದ ಚೀಲಗಳು

ಹೊಲಿಗೆಯಕ್ಕ ಹಠ ಹಿಡಿದರೆ ಮುಗಿಯಿತು, ಯಾರಪ್ಪ ಬಂದರೂ ಬಿಡಿಸಲಾರ. ಬೀದಿಯವರೆಲ್ಲ ಹಾಗೆನ್ನುತ್ತಾರೆ, ಅವಳ ಅತ್ತೆಯಂತೂ ಹೊತ್ತಿಗೊಮ್ಮೆ ಅನ್ನುತ್ತಾಳೆ. ಗಂಡ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಉಳಿದವರು ಈ ಅತ್ತೆ ಸೊಸೆ ಇಬ್ಬರೇ. ಜಗಳವಾಡದಿದ್ದರೆ ಇಬ್ಬರಿಗೂ ತುತ್ತು ಇಳಿಯುವುದಿಲ್ಲ. ಹಾಗಂತ ಒಬ್ಬರನ್ನೊಬ್ಬರು ಬಿಟ್ಟು ಒಂದು ದಿನ ಇದ್ದವರೂ ಅಲ್ಲ.

ಬೀದಿಯ ತುದಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆ. ಅದರ ಚಿಮಣಿಯ ಹೊಗೆ ಸೀದಾ ಇವರ ಮನೆಯೊಳಕ್ಕೆ. ಅತ್ತೆಗೆ ಉಬ್ಬಸ ಜೋರಾದಾಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಹೊಗೆ ನಿಲ್ಲಬೇಕು, ಇಲ್ಲಾ ಇವರು ಈ ಜಾಗ ಬಿಡಬೇಕು." ದೂರದೂರಿನಲ್ಲಿದ್ದ ಅತ್ತೆಯ ಮಗಳು ಕರೆದೊಯ್ಯುತ್ತೇನೆಂದಳು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದಳು.

ಸೊಸೆ ನೆಟ್ಟಗೆ ಕಾರ್ಖಾನೆಯ ಮಾಲೀಕರ ಬಳಿ ಹೋದಳು. ಕಾರ್ಖಾನೆಯ ಹಿತ್ತಿಲಲ್ಲಿ ಹೊಗೆ ಸೋಸುವ ಯಂತ್ರವೊಂದು ತುಕ್ಕು ಹಿಡಿದು ನಿಂತಿತ್ತು. ಅದರಲ್ಲಿ ನೇತುಹಾಕಿದ ಉದ್ದುದ್ದ ಬಟ್ಟೆ ಚೀಲಗಳೊಳಕ್ಕೆ ಹೊಗೆ ನುಗ್ಗಿದರೆ, ಮಸಿ ಒಳಗೇ ಉಳಿದು ಗಾಳಿ ಮಾತ್ರ ಹೊರಹೋಗುತ್ತದೆ. ಆದರೆ ಚೀಲಗಳೆಲ್ಲ ಎಂದೋ ಹರಿದಿದ್ದವು.

"ಅದನ್ನ ಹೊಲಿಯೋರು ಯಾರಿದಾರಮ್ಮ?" ಎಂದರು ಮಾಲೀಕರು.

"ನಾನಿಲ್ವಾ ಸಾರ್? ಬಟ್ಟೆ ತರಿಸಿಕೊಡಿ, ಮಿಕ್ಕಿದ್ದು ನನಗೆ ಬಿಡಿ."

"ಸರಿ. ಕೆಲಸ ಕೆಟ್ಟರೆ ಮಾತ್ರ ಯಂತ್ರ ಗುಜರಿಗೆ ಹಾಕ್ತೀನಿ. ಆಮೇಲೆ ಹೊಗೆ ಅಂತ ನನ್ನ ಹತ್ರ ಬರಬಾರದು."

ಬಟ್ಟೆ ಬಂತು. ದಪ್ಪದ್ದು, ಒಂದು ಮೈ ನುಣುಪು, ಇನ್ನೊಂದು ಮೈ ಕಂಬಳಿಯ ಹಾಗೆ ಜುಂಗು ಜುಂಗು. ಸೂಜಿಗಳು ಮುರಿದವು, ಬೆರಳುಗಳಲ್ಲಿ ಬೊಬ್ಬೆ ಎದ್ದವು. ಆದರೂ ಎಂಥ ಹೊಲಿಗೆ ಅಂತೀರಿ! ನುಣುಪು ಮೈ ಹೊರಗೆ, ಅಂಚುಗಳೆಲ್ಲ ಒಳಗೆ, ಒಂದು ಎಳೆ ನೂಲು ಕಾಣುವ ಹಾಗಿಲ್ಲ.

ಚೀಲಗಳನ್ನು ನೇತುಹಾಕಿದ ದಿನ ಬೆಳಿಗ್ಗೆ ಚಿಮಣಿ ತೆಪ್ಪಗಿತ್ತು. ಬೀದಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಮಧ್ಯಾಹ್ನಕ್ಕೆ ಚೀಲಗಳು ಕಟ್ಟಿಕೊಂಡು, ಹೊಗೆ ಹಿಂದಕ್ಕೆ ನುಗ್ಗಿ, ಕುಲುಮೆಯ ಕೆಲಸದವರು ಕೆಮ್ಮುತ್ತ ಹೊರಗೋಡಿ ಬಂದರು. ಮೇಸ್ತ್ರಿ ವಿಧಿಯಿಲ್ಲದೆ ಹೊಗೆಯನ್ನು ಮತ್ತೆ ಚಿಮಣಿಗೇ ತಿರುಗಿಸಿದ.

"ಗುಜರಿಯವನಿಗೆ ಹೇಳಿ ಕಳಿಸಿ," ಎಂದರು ಮಾಲೀಕರು.

ಮೇಸ್ತ್ರಿ ಪಾಪ, ಒಳ್ಳೆಯವನು. "ಬಟ್ಟೇನೇ ಸರಿ ಇಲ್ಲ ಅಂದುಬಿಡಕ್ಕಾ," ಎಂದು ಪಿಸುಗುಟ್ಟಿದ.

ಅವಳು ಒಂದು ಚೀಲ ಬಿಚ್ಚಿಸಿ ಒಳಗೆ ಕೈ ಹಾಕಿದಳು. ಮಸಿ ಜುಂಗಿಗೆ ಅಂಟಿ ಕೂತಿತ್ತು. ಎಷ್ಟು ಕೊಡವಿದರೂ ಉದುರದು. ನುಣುಪು ಮೈ ಇರಬೇಕಾದದ್ದು ಮಸಿಯ ಕಡೆಗೆ, ಅದು ಜಾರಿ ಬೀಳಲಿ ಅಂತ. ಜೀವಮಾನವೆಲ್ಲ ಅಂಗಿ ಹೊಲಿದ ಕೈ ನೋಡುವವರ ಕಣ್ಣಿಗೆ ಚಂದ ಮಾಡಿತ್ತು. ಹೊಗೆಯ ಚೀಲವನ್ನು ನೋಡುವವರು ಯಾರು, ಅವಳ ತಲೆ!

"ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ ಮೇಸ್ತ್ರಿ," ಎಂದವಳೇ ಮಾಲೀಕರ ಮುಂದೆ ನಿಂತಳು. "ತಪ್ಪು ನಂದು ಸಾರ್. ಒಳಗಿರಬೇಕಾದ್ದನ್ನ ಹೊರಗೆ ಮಾಡಿದೀನಿ. ನಾಳೆ ಒಂದು ದಿನ ಕೊಡಿ."

"ನನ್ನ ಜನಕ್ಕೆ ಇನ್ನೊಂದು ಸಲ ಹೊಗೆ ಕುಡಿಸಬೇಕಾ?"

"ನಾವು ದಿನಾ ಕುಡೀತಾ ಇದೀವಲ್ಲ ಸಾರ್."

"ನಾಳೆ ಒಂದು ದಿನ. ಅಷ್ಟೇ," ಎಂದರು ಮಾಲೀಕರು.

ಮರುದಿನ ಅಕ್ಕಪಕ್ಕದ ಹೆಂಗಸರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾರ್ಖಾನೆಯ ಹಿತ್ತಿಲಲ್ಲಿ ಕೂತರು. ಚೀಲಗಳನ್ನು ಬಡಿದು, ಉಜ್ಜಿ, ತಿರುವಿಹಾಕಿದರು. ಅವಳು ಚೀಲಗಳ ಬಾಯಿಯ ಪಟ್ಟಿ ಬಿಚ್ಚಿ ಮತ್ತೆ ಹೊಲಿದಳು. ಅಂಚು, ನೂಲು, ಗಂಟು ಎಲ್ಲ ಈಗ ಹೊರಗೇ! ನೋಡಲು ಅವಳಿಗೇ ನಾಚಿಕೆಯಾಯಿತು. ಆಗಲಿ, ಹಾಳು ನಾಚಿಕೆ ಎಂದುಕೊಂಡು ನೇತುಹಾಕಿಸಿದಳು.

ಮಾರನೆಯ ಬೆಳಿಗ್ಗೆ ಮತ್ತೆ ಕುಲುಮೆ ಉರಿಯಿತು. ಮಧ್ಯಾಹ್ನ ದಾಟಿತು, ಒಬ್ಬರೂ ಹೊರಗೆ ಓಡಿ ಬರಲಿಲ್ಲ. ಮೇಸ್ತ್ರಿ ಚೀಲಗಳನ್ನು ಅಲುಗಿಸಿದಾಗ ಮಸಿ ದೊಪ್ಪನೆ ಕೆಳಗಿನ ಡಬ್ಬಕ್ಕೆ ಬಿತ್ತು. ಮಾಲೀಕರು ಕೈ ಹಿಂದೆ ಕಟ್ಟಿಕೊಂಡು ಚಿಮಣಿಯನ್ನೇ ನೋಡುತ್ತ ನಿಂತರು. ಸಂಜೆ ಗುಜರಿಯವನು ಬಂದಾಗ, ಏನೂ ಇಲ್ಲ ಹೋಗಪ್ಪ ಎಂದು ಕಳಿಸಿಬಿಟ್ಟರು.

ತಿಂಗಳು ಕಳೆದ ಮೇಲೆ ಮಗಳು ತಾಯಿಯನ್ನು ಕರೆದೊಯ್ಯಲು ಬಂದಳು. ಅತ್ತೆ ಹೊಸ್ತಿಲ ಮೇಲೆ ಕೂತು ನಿರಾಳವಾಗಿ ಉಸಿರಾಡುತ್ತಿದ್ದಳು.

"ನಾನೆಲ್ಲಿಗೂ ಬರಲ್ಲ ಕಣೇ," ಎಂದಳು. "ಇವಳಿಗೆ ಒಳಗು ಯಾವುದು ಹೊರಗು ಯಾವುದು ಗೊತ್ತಾಗಲ್ಲ. ನಾನೂ ಹೋದ್ರೆ ಹೇಳೋರು ಯಾರು?"

ಹೊಲಿಗೆಯಕ್ಕನಿಗೆ ತಿರುಗಿ ಬೈಯಬೇಕೆನಿಸಿತು. ಅದರ ಬದಲು ಹೋಗಿ ಹೊಸ್ತಿಲ ಮೇಲೆ ಅತ್ತೆಯ ಪಕ್ಕ ಕೂತಳು.