ಫ್ರಿಜ್ಜಿನ ನಳದ ಅಗ್ಘವಣಿ

ನಮ್ಮ ಫ್ರಿಜ್ಜಿನ ಬಾಗಿಲ ಹೊರಮೈಯಲ್ಲಿ, ಬಾಗಿಲು ತೆಗೆಯದೆಯೇ ನೀರು ಹಿಡಿದುಕೊಳ್ಳಲೆಂದು ಮಾಡಿದ ಒಂದು ಪುಟ್ಟ ಗೂಡು ಇದೆ. ಗೂಡಿನೊಳಗೆ ಕೂಸಿನ ನಾಲಗೆಯಂಥ ಒಂದು ಪ್ಲಾಸ್ಟಿಕ್ ಹಿಡಿಕೆ. ಬಾಗಿಲ ಒಳಗಡೆಯ ಡಬ್ಬಿಗೆ ನೀರು ತುಂಬಿಟ್ಟು, ಲೋಟವನ್ನು ಹಿಡಿಕೆಗೆ ಒತ್ತಿದರೆ ನೀರು ಬಂತು, ಹಿಂದೆ ಸರಿಸಿದರೆ ನಿಂತಿತು. ಕೊಂಡು ತಂದಾಗ ಇದೊಂದು ಶೋಕಿ ಅನ್ನಿಸಿತ್ತು ನನಗೆ. ನಿಮಗೂ ಹಾಗೇ ಅನ್ನಿಸಿರಬಹುದು: ಬಾಗಿಲು ತೆಗೆದು ಬಾಟಲಿ ಎತ್ತಿಕೊಳ್ಳಲು ಯಾರಿಗೇನು ಕಷ್ಟ?

ಯಾರಿಗೆ ಕಷ್ಟ ಎಂಬುದು ಅತ್ತೆಯವರ ಬೆರಳುಗಳು ಸಂಧಿವಾತಕ್ಕೆ ಮಡಚಿಕೊಂಡ ಮೇಲೆ ತಿಳಿಯಿತು. ಕೊಡ ಬಗ್ಗಿಸಲು, ನಳ ತಿರುವಲು ಅವರ ಕೈಗಳು ಒಲ್ಲೆಂದವು. ಆದರೆ ಬೆಳಗಿನ ಲಿಂಗಪೂಜೆಯ ನೀರನ್ನು, ಅಂದರೆ ಅಗ್ಘವಣಿಯನ್ನು, ಸ್ನಾನ ಮಾಡಿ ತಮ್ಮ ಕೈಯಿಂದಲೇ ತುಂಬಿಕೊಳ್ಳುವುದು ಅವರು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಡೆಸಿಕೊಂಡು ಬಂದ ನೇಮ. ಪೂಜೆ ಮುಗಿಯುವ ತನಕ ಒಂದು ಗುಟುಕು ನೀರನ್ನೂ ಕುಡಿಯುವವರಲ್ಲ. ಒಂದು ಮುಂಜಾನೆ ನೋಡುತ್ತೇನೆ, ಪೂಜೆಯ ಪುಟ್ಟ ಗಿಂಡಿಯನ್ನು ಎರಡೂ ಮಣಿಕಟ್ಟುಗಳ ನಡುವೆ ಅವುಚಿಕೊಂಡು, ಫ್ರಿಜ್ಜಿನ ಹಿಡಿಕೆಗೆ ಒತ್ತಿ ನಿಂತಿದ್ದಾರೆ.

“ಅಷ್ಟು ಥಂಡ ನೀರು ಲಿಂಗಕ್ಕ ಹಾಕತೀರೇನ್ರಿ ಅತ್ತಿ?” ಎಂದೆ.

“ಚಳಿಗಾಲದಾಗ ಹೊಳಿ ನೀರು ಇದಕ್ಕಿಂತ ಥಂಡ ಇರತಿದ್ವು. ಆವಾಗ ಲಿಂಗಕ್ಕ ನೆಗಡಿ ಬಂದಿತ್ತೇನು?” ಎಂದು ಅವರು ಗಿಂಡಿಯಿಂದ ಕಣ್ಣೆತ್ತದೆಯೇ ಕೇಳಿದರು.

ಹೀಗೆ ಶೋಕಿಯ ವಸ್ತುವೊಂದು ನಮ್ಮ ಮನೆಯಲ್ಲಿ ಪೂಜೆಯ ಸಾಮಗ್ರಿಯಾಯಿತು. ಈ ಬೇಸಿಗೆಯಲ್ಲಿ ಅದೇ ಮುರಿಯಿತು. ಬಿಸಿಲಲ್ಲಿ ಹೊಲದಿಂದ ಬಂದ ನಮ್ಮ ಯಜಮಾನರು ದೊಡ್ಡ ಸ್ಟೀಲಿನ ಚರಿಗೆಯನ್ನೇ ಗೂಡಿಗೆ ತುರುಕಿದರು. ಹಿಡಿಕೆ ಲಟಕ್ಕೆಂದು ಎರಡು ತುಂಡಾಯಿತು.

ಅದರಿಂದೇನು, ನಾನಿಲ್ಲವೇ ತುಂಬಿಕೊಡಲು ಎಂದುಕೊಂಡೆ. ಆದರೆ ಒಬ್ಬರ ನೇಮಕ್ಕೆ ಇನ್ನೊಬ್ಬರ ಕೈ ಹತ್ತಿದರೆ ಅದರ ನಡಿಗೆಯೇ ಬದಲಾಗುತ್ತದೆ. ಮರುದಿನ ನಾನೆದ್ದಾಗ ಅತ್ತೆ ಮಿಂದು, ಹಣೆ ತುಂಬ ವಿಭೂತಿ ಧರಿಸಿ, ಬರಿದಾದ ಗಿಂಡಿಯನ್ನು ಮುಂದಿಟ್ಟುಕೊಂಡು ಕೂತಿದ್ದರು, ನನ್ನನ್ನು ಎಬ್ಬಿಸಿರಲಿಲ್ಲ. ಅವರನ್ನು ಕಾಯಿಸಬಾರದೆಂದು ನಾನು ಬೇಗ ಏಳತೊಡಗಿದೆ. ನನ್ನ ನಿದ್ದೆ ಕೆಡಿಸಬಾರದೆಂದು ಅವರು ತಡವಾಗಿ ಮೀಯತೊಡಗಿದರು. ಹೀಗೆ ಒಬ್ಬರ ದಾಕ್ಷಿಣ್ಯಕ್ಕೆ ಇನ್ನೊಬ್ಬರು ದಾಕ್ಷಿಣ್ಯ ತೋರುತ್ತ ತೋರುತ್ತ ಪೂಜೆ ಬಿಸಿಲೇರುವ ಹೊತ್ತಿಗೆ ಬಂದು ನಿಂತಿತು. ಆ ತನಕ ಅವರ ತುಟಿ ಒಣಗಿಯೇ ಇರುತ್ತಿತ್ತು. ಹುಕ್ಕೇರಿಯ ತವರಿಗೆ ಎರಡು ದಿನ ಹೋಗಿಬರಬೇಕೆಂದಿದ್ದವಳು ಅದನ್ನೂ ಮುಂದೆ ಹಾಕಿದೆ. ತುಂಬಿಕೊಟ್ಟಾಗ ಅತ್ತೆ “ಆತವಾ” ಎನ್ನುತ್ತಿದ್ದರು, ಅಷ್ಟೇ. ಆ ಒಂದು ಮಾತಿನಲ್ಲಿ ಬೇಸರವಿರಲಿಲ್ಲ. ಬೇಸರಕ್ಕಿಂತ ಕೆಟ್ಟದ್ದೊಂದು, ಸಂಕೋಚ, ಇತ್ತು. ತಮ್ಮದೇ ಮನೆಯಲ್ಲಿ ನೀರಿಗೆ ಸಂಕೋಚಪಡುವ ಮನುಷ್ಯರನ್ನು ನೀವು ನೋಡಿದ್ದೀರೋ ಇಲ್ಲವೋ, ನೋಡದಿದ್ದರೇ ಒಳ್ಳೆಯದು.

ನಮ್ಮ ಮೂಡಲಗಿಯಲ್ಲಿ ಆ ಸಾಮಾನು ಸಿಗಲಿಲ್ಲ. ಮುರಿದ ತುಂಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಗೋಕಾಕಕ್ಕೆ ಹೋಗಿ, ಅಂಥದ್ದೇ ಹಿಡಿಕೆ, ಅದಕ್ಕೆ ಕೂಡುವ ಪುಟ್ಟ ನಳ, ರಬ್ಬರಿನ ಉಂಗುರ, ಪ್ಲಾಸ್ಟಿಕ್ಕಿನ ನಟ್ಟು ತಂದೆ. ಇನ್ನೇನು ಕೂರಿಸಬೇಕು, ಯಜಮಾನರು “ಸರಿ ಬಾಜೂಕ” ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಈ ಕಬ್ಬಿನ ಸೀಮೆಯಲ್ಲಿ ಪಂಪಸೆಟ್ ಇರುವ ಗಂಡಸರೆಲ್ಲ ಅರೆ ಮಿಸ್ತ್ರಿಗಳೇ. ಹೊಲದ ಚೀಲದಿಂದ ನಟ್ಟು ಬಿಗಿಯುವ ಪಾನಾ ಬಂತು, ಪೈಪಿನ ತಿರುಪಿಗೆ ಸುತ್ತುವ ಸೆಣಬಿನ ಎಳೆ ಬಂತು, ಅದರ ಮೇಲೆ ಬಳಿಯುವ ಬಿಳಿ ಬಣ್ಣವೂ ಬಂತು. ಸುತ್ತಿದರು, ಬಳಿದರು, ಪಾನಾ ಹಾಕಿ ಬಿಗಿದರು. ಡಬ್ಬಿಗೆ ನೀರು ತುಂಬಿದರೆ ನಳದ ಬುಡದಿಂದ ತೊಟ್ಟಿಕ್ಕಿತು. ಇನ್ನಷ್ಟು ಸುತ್ತಿದರು, ಇನ್ನಷ್ಟು ತೊಟ್ಟಿಕ್ಕಿತು. ಪ್ಲಾಸ್ಟಿಕ್ಕಿನ ನಟ್ಟು ಕಿರುಗುಟ್ಟಿತು.

“ಏ ಈರ್ಯಾ,” ಅತ್ತೆ ಮಗನನ್ನು ಗದರಿಸಿದರು, “ಉಪ್ಪಿನಕಾಯಿ ಭರಣಿ ಮುಚ್ಚಾಕ ಪಾನಾ ಹಚ್ಚತಾರೇನೋ?”

“ಯವ್ವಾ, ಇಡೀ ಹೊಲಕ್ಕ ನೀರು ಹಾಯಿಸಾವ ನಾ. ಈ ಲೋಟದ ನಳ ನನಗ ಬಗ್ಗೂದಿಲ್ಲೇನು?”

“ಹೊಲ ತೋಯಿಸೂದು ಬ್ಯಾರೆ, ನನ್ನ ಅಡಗಿ ಮನಿ ತೋಯಿಸೂದು ಬ್ಯಾರೆ. ಕೊಡ್ರಿ ಇಲ್ಲೆ,” ಎಂದು ನಾನು ಕೈ ಚಾಚಿದೆ.

ಎಳೆಯನ್ನೆಲ್ಲ ಬಿಚ್ಚಿದೆ. ಅದೇ ಅಡ್ಡ ನಿಂತು ನಟ್ಟನ್ನು ಪೂರ್ತಿ ಕೂರಗೊಟ್ಟಿರಲಿಲ್ಲ. ಬಣ್ಣದ ವಾಸನೆ ಹೋಗುವ ತನಕ ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಕುಕ್ಕರಿನ ಮುಚ್ಚಳಕ್ಕೆ ರಬ್ಬರ್ ಕೂರಿಸುವ ಹಾಗೆ ಉಂಗುರವನ್ನು ಸುತ್ತಲೂ ಬೆರಳಾಡಿಸಿ ಕೂರಿಸಿ, ಬರೀ ಕೈಯಿಂದ ತಿರುವಿದೆ. ಡಬ್ಬಿಗೆ ನೀರು ತುಂಬಿ, ನಳದ ಬುಡಕ್ಕೆ ಅಂಗೈ ಹಿಡಿದು ನಿಂತೆ. ಯಜಮಾನರು ಬಗ್ಗಿ ನೋಡಿದರು, ಅತ್ತೆ ಕೂತಲ್ಲಿಂದಲೇ ಕತ್ತು ಚಾಚಿದರು. ಅಂಗೈ ಒಣಗಿಯೇ ಇತ್ತು! ಜೀವನದಲ್ಲಿ ಎಷ್ಟೋ ದೊಡ್ಡ ಸಂಗತಿಗಳು ನೆಟ್ಟಗಾದಾಗಲೂ ನಾನು ಅಷ್ಟು ನಿರಾಳವಾಗಿ ಉಸಿರು ಬಿಟ್ಟದ್ದು ನೆನಪಿಲ್ಲ. ಬಿಗಿದಷ್ಟೂ ಭದ್ರ ಎಂದು ನಾವು ನಂಬಿಕೊಂಡು ಬಂದಿರುವ ಎಷ್ಟು ಕೂಡಿಕೆಗಳು, ಬರೀ ಕೈಯ ಬಿಗುವಷ್ಟೇ ಸಾಕೆಂದು, ಒಳಗೊಳಗೇ ಕಿರುಗುಟ್ಟುತ್ತಿರುತ್ತವೋ ಏನೋ.

ಮರುದಿನ ನಸುಕಿನಲ್ಲಿ ಗುಳುಗುಳು ಸದ್ದಿಗೆ ಎಚ್ಚರವಾಯಿತು. ಗಿಂಡಿ ತುಂಬುತ್ತಿತ್ತು. ಏಳಬೇಕೆನ್ನಿಸಲಿಲ್ಲ, ಮಲಗಿಕೊಂಡೇ ಅದನ್ನು ಕೇಳುತ್ತ, ಕೇಳುತ್ತಲೇ ಮತ್ತೆ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಪೂಜೆ ಮುಗಿದಿತ್ತು. ಅತ್ತೆ ಹಾಸಿಗೆಯ ಬಳಿ ನಿಂತಿದ್ದರು; ಎರಡು ಮಣಿಕಟ್ಟುಗಳ ನಡುವೆ ಒಂದು ಲೋಟ, ಅಂಚಿನ ತನಕ ನೀರು.

“ಎದ್ದೆಯೇನವಾ? ತಗೋ, ಕುಡಿ. ನಾನೂ ಈಗ ಕುಡದೆ,” ಎಂದರು.

ಒಂದು ಹನಿಯೂ ಚೆಲ್ಲಿರಲಿಲ್ಲ. ಎದ್ದು ಕೂತು ಎರಡೂ ಕೈಯಲ್ಲಿ ಈಸಿಕೊಂಡೆ.