ನರಸಿಂಗನ ಬೆನ್ನು

ನಿರ್ಣಾದ ನರಸಿಂಗ ಬಸವಕಲ್ಯಾಣಕ್ಕೆ ಬಂದದ್ದು ಕಲ್ಲು ಎಳೆಯಲಿಕ್ಕೆ. ಅಲ್ಲಿನ ಜಾಗೀರದಾರರೊಬ್ಬರು ಹೊಲ, ಬಾವಿ, ಪಾಳುಗುಡಿಗಳಲ್ಲಿ ಸಿಕ್ಕ ಹಳೆಯ ಮೂರ್ತಿಗಳನ್ನೆಲ್ಲ ತಮ್ಮ ಹವೇಲಿಯಲ್ಲಿ ಕೂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮನೆತನದವರು ಒಂದು ಟ್ರಸ್ಟು ಮಾಡಿ, ಜನ ಬಂದು ನೋಡಲೆಂದು ಆ ಮೂರ್ತಿಗಳನ್ನು ಮೇಲಿನ ದರ್ಬಾರು ಹಾಲಿನಲ್ಲಿ ನಿಲ್ಲಿಸಲು ಹೊರಟರು. ಹಾಲಿಗೆ ಇಪ್ಪತ್ತೊಂದು ಮೆಟ್ಟಿಲು. ಒಂದೊಂದೂ ಮೊಣಕಾಲಿನೆತ್ತರ, ಹಿಡಿಯಲು ಕಟಾಂಜನವಿಲ್ಲ. 1958ರ ಬೇಸಿಗೆಯಲ್ಲಿ ಹನ್ನೆರಡು ಆಳು ಹಗ್ಗ ಕಟ್ಟಿ ಮೂವತ್ತನಾಲ್ಕು ಕಲ್ಲು ಮೇಲೆ ಹತ್ತಿಸಿದರು. ಕೊನೆಯ ಕಲ್ಲು ನಿಂತ ದಿನ ಟ್ರಸ್ಟಿನ ಮ್ಯಾನೇಜರ್ ವೈಜಿನಾಥರು ನರಸಿಂಗನನ್ನು ಕರೆದು, "ನಾಳಿಯಿಂದ ಇಲ್ಲೇ ಇರು, ಬಾಗಲಾ ಕಾಯಿ" ಎಂದರು. ಖಾಕಿ ಅಂಗಿ ಸಿಕ್ಕಿತು. ಜೊತೆಗೇ ಬಂದು ಊರಲ್ಲಿ ಕೂಲಿಗೆ ಹೋಗುತ್ತಿದ್ದ ಹೆಂಡತಿ ದ್ರೌಪತಿ ಆ ಅಂಗಿಯನ್ನು ಎರಡು ಸಲ ಒಗೆದು, ಮೂರನೆಯ ದಿನ ತೊಡಿಸಿದಳು.

ಜನರನ್ನು ಹೊರುವ ಕೆಲಸ ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಬೀಬಿಜಾನ ಎಂಬ ಮುದುಕಿ ಮೊಮ್ಮಕ್ಕಳ ಜೊತೆ ಬಂದಳು. ಮಂಡಿ ಹಿಡಿದುಕೊಂಡು ಮೊದಲ ಮೆಟ್ಟಿಲಲ್ಲೇ ಕುಸಿದು ಕೂತಳು. ನರಸಿಂಗ ಅವಳೆದುರು ಬೆನ್ನು ಬಾಗಿಸಿ, "ಕೂಡ್ರಿ ಅಮ್ಮಾ" ಎಂದ. ಮೇಲೆ ಮುಟ್ಟುವವರೆಗೂ ಅವಳು ಅವನ ಕಿವಿಯಲ್ಲಿ ನಗುತ್ತಲೇ ಇದ್ದಳು. ಆಮೇಲೆ ಅದು ರೂಢಿಯಾಯಿತು. ಹುಮನಾಬಾದಿನಿಂದ ಬಂದ ಒಂಟಿಕಾಲಿನ ಮಾಜಿ ಸಿಪಾಯಿ, ಪಾರ್ಶ್ವವಾಯು ಹೊಡೆದ ಮಾಸ್ತರು, ಎಲ್ಲರೂ ಅವನ ಬೆನ್ನಿನ ಮೇಲೆಯೇ ಹೋಗಿ ಮೂರ್ತಿ ನೋಡಿದರು. ಕೈಕಾಲು ಇಲ್ಲದವರಿಗೆ ಏನು ವ್ಯವಸ್ಥೆ ಇದೆ ಎಂದು ಯಾರಾದರೂ ಕೇಳಿದರೆ ವೈಜಿನಾಥರು, "ನಮ್ಮ ನರಸಿಂಗ ಅದಾನಲ್ರಿ" ಎನ್ನುತ್ತಿದ್ದರು. ಆ ಮಾತು ಕೇಳಿದಾಗ ನರಸಿಂಗನ ಎದೆ ಸ್ವಲ್ಪ ಉಬ್ಬುತ್ತಿತ್ತು.

1963ರ ಕಾರ್ತೀಕದಲ್ಲಿ ಹುಲಸೂರಿನ ಜಿಜಾಬಾಯಿ ಟಾಂಗಾದಲ್ಲಿ ಬಂದಳು. ಗಂಡ ಸತ್ತ ಹೆಣ್ಣುಮಗಳು. ತೊಡೆಯ ಮೇಲೆ ಹನ್ನೆರಡು ವರ್ಷದ ಮಗಳು ಶಕುಂತಲಾ. ಎರಡು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಹುಡುಗಿಯ ಕಾಲುಗಳು ಜೋಳದ ದಂಟಿನಂತೆ ಸೊರಗಿದ್ದವು. ಸಿಕ್ಕ ಕಾಗದದ ಮೇಲೆಲ್ಲ ಚಿತ್ರ ಬರೆಯುವವಳು. ಕುಣಿಯುವ ಹೆಣ್ಣಿನ ಮೂರ್ತಿಯೊಂದು ಇಲ್ಲಿದೆ ಎಂದು ಸಾಲಿಯಲ್ಲಿ ಯಾರೋ ಹೇಳಿದಾಗಿನಿಂದ ಅವ್ವನ ಬೆನ್ನು ಬಿದ್ದಿದ್ದಳು. ತಾಯಿ ಅವಳನ್ನು ಎತ್ತಿಕೊಂಡು ಮೂರು ಮೆಟ್ಟಿಲು ಏರಿ, ಏದುಸಿರು ಬಿಡುತ್ತ ಇಳಿದಳು.

"ನಾ ಒಯ್ತೀನ್ರಿ ಬಾಯಿ" ಎಂದು ನರಸಿಂಗ ಬಾಗಿದ.

ಜಿಜಾಬಾಯಿ ಮಗಳನ್ನು ಬಿಡಲಿಲ್ಲ. "ಯಾವ ಊರಪ್ಪ ನಿಂದು?"

"ನಿರ್ಣಾರಿ."

"ಯಾವ ಓಣಿ?"

ನರಸಿಂಗ ನೆಟ್ಟಗೆ ನಿಂತ. "ಊರ ಹೊರಗಿನ ಓಣಿರಿ. ನಾವು ಬುದ್ಧನ ದೀಕ್ಷಾ ತಗೊಂಡವ್ರು."

ಜಿಜಾಬಾಯಿ ತಲೆ ತಗ್ಗಿಸಿದಳು. "ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪ್ಪ. ಆದರ ನಮ್ಮತ್ತಿಗಿ ಗೊತ್ತಾತಂದ್ರ ಈ ಹುಡುಗಿನ ಅಡಗಿಮನ್ಯಾಗ ಬಿಡಂಗಿಲ್ಲ. ಮೊದಲೇ ಮೂಲ್ಯಾಗ ಬಿದ್ದದ ಇದು."

"ಕುರ್ಚಿ ಮ್ಯಾಲ ಕುಂದರಿಸಿ ಎತ್ತೋಣ್ರಿ. ಮೈ ಮುಟ್ಟಂಗಿಲ್ಲ ನಾ."

ಕುರ್ಚಿ ಬಂತು. ಆದರೆ ಇನ್ನೊಂದು ಕಡೆ ಹಿಡಿಯುವವರು ಬೇಕಲ್ಲ? ತಾಯಿಗೆ ಅಷ್ಟು ಕಸುವಿರಲಿಲ್ಲ, ಟಾಂಗಾದವನು ಕುದುರೆ ಬಿಟ್ಟು ಬರಲು ಒಪ್ಪಲಿಲ್ಲ. ವೈಜಿನಾಥರು ಹುಮನಾಬಾದಿಗೆ ಹೋಗಿದ್ದರು. ನರಸಿಂಗ ಬಾಗಿಲಿಗೆ ಬಂದು ಹಾದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದ. ಒಬ್ಬನಿಗೆ ಕಚೇರಿಯ ಹೊತ್ತಾಗಿತ್ತು. ಇನ್ನೊಬ್ಬ ಒಳಗೆ ಬಂದು, ಮೆಟ್ಟಿಲು ನೋಡಿ, "ಕಾಲು ಜಾರಿ ಕೂಸು ಬಿದ್ರ ನನ್ನ ತಲಿಮ್ಯಾಲ" ಎಂದು ತಿರುಗಿ ಹೋದ. ನರಸಿಂಗ ಬಿಸಿಲಲ್ಲಿ ನಿಂತೇ ಇದ್ದ. ಮೈಯಲ್ಲಿ ಕಸುವು ಬೇಕಾದಷ್ಟಿತ್ತು. ಅದನ್ನು ಎಲ್ಲಿ ಇಡುವುದು?

ಕೊನೆಗೆ ಹುಡುಗಿಯೇ ಹೇಳಿದಳು, "ನೀವೇ ನೋಡಿಬಂದು ಹೇಳ್ರಿ. ನಾ ಬರೀತೀನಿ."

ಅವನು ಓಡಿಹೋಗಿ ಮೂರ್ತಿಯ ಮುಂದೆ ನಿಂತು, ಓಡಿಬಂದು ಹೇಳತೊಡಗಿದ. "ಮೈ ಇಷ್ಟು ಬಾಗ್ಯದ. ಒಂದು ಕೈ ತಲಿ ಮ್ಯಾಲ. ಕಾಲು..." ಎಂದವನು ಅಲ್ಲಿಗೇ ನಿಂತುಬಿಟ್ಟ.

"ಕಾಲು ಹ್ಯಾಂಗ ಅದಾವ್ರಿ?" ಶಕುಂತಲಾ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

"ಒಂದು ಎತ್ಯಾಳವ್ವ."

"ಎಷ್ಟು ಎತ್ಯಾಳ? ಬೆರಳು ಯಾವ ಕಡಿಗಿ?"

ಐದು ವರ್ಷ ಅದೇ ಕಲ್ಲಿನ ಧೂಳು ಒರೆಸಿದವನಿಗೆ ಬೆರಳು ಯಾವ ಕಡೆಗಿವೆ ಎಂಬುದು ಗೊತ್ತಿರಲಿಲ್ಲ. ಮತ್ತೆ ಹತ್ತಿದ. ಹಾಗೆ ಏಳು ಸಲ ಹತ್ತಿ ಇಳಿದ. ನೋಡಿದ್ದು ಕಣ್ಣಲ್ಲಿ ಇರುತ್ತಿತ್ತು, ಕೆಳಗೆ ಬರುವಷ್ಟರಲ್ಲಿ ಬಾಯಿಗೆ ಸಿಗುತ್ತಿರಲಿಲ್ಲ. ಕಾಗದದ ಮೇಲೆ ಮೂಡಿದ ಹೆಂಗಸು ಹೊಲದ ಬೆರ್ಚಪ್ಪನ ಹಾಗಿದ್ದಳು.

"ಹಿಂಗೇ ಅದಾಳೇನ್ರಿ?"

"ಹೂಂ, ಹಿಂಗೇ" ಎಂದ ನರಸಿಂಗ. ಹುಡುಗಿ ಅವನ ಮುಖವನ್ನೇ ನೋಡಿದಳು. ಆಮೇಲೆ ಕಾಗದ ಮಡಚಿದಳು. ಹೊರಗೆ ಟಾಂಗಾದವನು ಕೂಗುತ್ತಿದ್ದ, ಬಸ್ಸಿನ ಹೊತ್ತಾಗಿತ್ತು. ಆ ದಿನ ಮನೆಗೆ ಹೋದ ನರಸಿಂಗ ಉಣ್ಣಲಿಲ್ಲ. ದ್ರೌಪತಿ ಕೇಳಿದ್ದಕ್ಕೆ, "ಬೆನ್ನು ಅದ, ಆದ್ರೂ ಉಪಯೋಗಿಲ್ಲ" ಎಂದಷ್ಟೇ ಹೇಳಿದ.

ಹದಿನಾರು ವರ್ಷ ಕಳೆಯಿತು. 1979ರಲ್ಲಿ ಹುಮನಾಬಾದಿನ ಸಾಲಿಯೊಂದರಲ್ಲಿ ಡ್ರಾಯಿಂಗ್ ಕಲಿಸುವ ಬಾಯಾರು, ಮಕ್ಕಳು ತಳ್ಳುವ ಮೂರುಗಾಲಿ ಗಾಡಿಯಲ್ಲಿ ಕೂತು ಹವೇಲಿಯ ಅಂಗಳಕ್ಕೆ ಬಂದರು. ನರಸಿಂಗ ಗುರುತು ಹಿಡಿಯಲಿಲ್ಲ. ಅವರೇ, "ನಾ ಹುಲಸೂರಿನ ಶಕುಂತಲಾರಿ. ಅವ್ವ ತೀರಿಕೊಂಡಳು. ಈಗ ನನ್ನ ಯಾರೂ ತಡಿಯಂಗಿಲ್ಲ. ಹೊತ್ಕೊಂಡು ಒಯ್ರಿ" ಎಂದು ಎರಡೂ ಕೈ ಚಾಚಿದರು.

ನರಸಿಂಗನಿಗೆ ಐವತ್ತೇಳು. ಕಲ್ಲು ಎಳೆದ ಸೊಂಟ ಎರಡು ವರ್ಷದ ಹಿಂದೆಯೇ ಮುರಿದಂತಾಗಿತ್ತು. ಯಾರನ್ನೂ ಹೊರಬೇಡ ಎಂದು ಡಾಕ್ಟರು ಹೇಳಿದ್ದರು. ಆದರೂ ಅವನು ಬಾಗಿದ. ಬಾಯಾರು ಕೊರಳಿಗೆ ಕೈ ಹಾಕಿದರು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ಸೊಂಟ ಹಿಡಿದುಕೊಂಡಿತು. ಗೋಡೆಗೆ ಒರಗಿ ಮೆಲ್ಲಗೆ ಅವರನ್ನು ಇಳಿಸಿ, ಪಕ್ಕದಲ್ಲೇ ಕುಸಿದ. "ಬಾಯಾರ, ನನ್ನ ಕೈಲಿ ಆಗವಲ್ದು" ಎಂದ.

"ಇರ್ಲಿ ಬಿಡ್ರಿ" ಎಂದರು ಶಕುಂತಲಾಬಾಯಿ. ಅವರ ಕೈ ಇನ್ನೂ ಅವನ ಹೆಗಲ ಮೇಲಿತ್ತು. ಮಕ್ಕಳು ಸೇರಿ ಅವರನ್ನು ಎತ್ತಿ ಗಾಡಿಗೆ ಕೂರಿಸಿದರು. ಮೇಲಕ್ಕೆ ಒಯ್ಯುವಷ್ಟು ದೊಡ್ಡವರು ಅವರಲ್ಲಿ ಯಾರೂ ಇರಲಿಲ್ಲ.

ಇಬ್ಬರೂ ಕೂಡಿ ಟ್ರಸ್ಟಿಗೆ ಅರ್ಜಿ ಬರೆದರು. ನಾಲ್ಕು ಮೂರ್ತಿಗಳನ್ನಾದರೂ ಕೆಳಗಿನ ಪಡಸಾಲೆಗೆ ಇಳಿಸಿರಿ ಎಂದು ಬಾಯಾರು ಬರೆದರು, ನರಸಿಂಗ ಹೆಬ್ಬೆಟ್ಟು ಒತ್ತಿದ. ಇಳಿಸಿದರೆ ಮೂರ್ತಿಗಳು ಭಿನ್ನವಾದಾವು ಎಂದು ಉತ್ತರ ಬಂತು. ಮರುವರ್ಷದ ಅರ್ಜಿಗೆ ಉತ್ತರವೇ ಬರಲಿಲ್ಲ.

ಆದರೂ ಬಾಯಾರು ವರ್ಷಕ್ಕೊಮ್ಮೆ ಮಕ್ಕಳನ್ನು ಕರೆತರುತ್ತಿದ್ದರು. ಮಕ್ಕಳು ಮೇಲೆ ಹೋಗಿ ಬರೆದುಕೊಂಡು ಬರುತ್ತಿದ್ದರು, ಇವರು ಅಂಗಳದ ಬೇವಿನ ಕೆಳಗೆ ಕೂತು ತಿದ್ದುತ್ತಿದ್ದರು. ನೌಕರಿ ಬಿಡುವ ವರ್ಷ, 1982ರಲ್ಲಿ, ನರಸಿಂಗ ಅವರ ಪಕ್ಕದಲ್ಲಿ ಕೂತಿದ್ದ. ಹುಡುಗಿಯೊಬ್ಬಳು ತಂದ, ಕುಣಿಯುವ ಹೆಣ್ಣಿನ ಚಿತ್ರದಲ್ಲಿ ಬಾಯಾರು ಸೊಂಟದ ಗೆರೆಯೊಂದನ್ನು ಅಳಿಸಿ ಬೇರೆ ಎಳೆದರು. "ಮ್ಯಾಲ ಹಂಗಿಲ್ರಿ ಬಾಯಾರ" ಎಂದಳು ಹುಡುಗಿ. ಶಕುಂತಲಾಬಾಯಿ ನರಸಿಂಗನ ಕಡೆ ತಿರುಗಿದರು. ಅವನು ಹುಡುಗಿಯ ಕಡೆ ಕೈ ತೋರಿಸಿದ. ಅವರು ತಾವು ಎಳೆದ ಗೆರೆಯನ್ನು ಒರೆಸಿ ಕಾಗದ ಮರಳಿ ಕೊಟ್ಟರು.

ಸಂಜೆ ಐದಕ್ಕೆ ಗಾಡಿ ಹೊರಟಿತು. ನರಸಿಂಗ ದರ್ಬಾರು ಹಾಲಿಗೆ ಬೀಗ ಹಾಕಲು ಗೋಡೆ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಮೇಲೆ ಹತ್ತಿದ.